ಸಂಘದ ಒಪ್ಪಿಗೆಯಿಲ್ಲದ ಔಷಧಿ ಅಂಗಡಿ

ಲೈಸೆನ್ಸ್ ಕೈಗೆ ಬಂದ ದಿನ ನನ್ನ ಗಂಡ ಅದಕ್ಕೆ ಗಾಜಿನ ಫ್ರೇಮ್ ಹಾಕಿಸಿ ತಂದರು. ತ್ಯಾಗರಾಜನಗರದ ಅಡ್ಡರಸ್ತೆಯೊಂದರಲ್ಲಿ, ಮೊದಲು ಇಸ್ತ್ರಿ ಅಂಗಡಿಯಿದ್ದ ಪುಟ್ಟ ಜಾಗವನ್ನು ಬಾಡಿಗೆಗೆ ಹಿಡಿದಿದ್ದೆವು. ಬಣ್ಣ ಹೊಡೆಸಿ, ರ‍್ಯಾಕ್ ಕೂರಿಸಿ, ಫ್ರಿಜ್ ತಂದಿಟ್ಟಾಗಿತ್ತು. ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಟೇಪು ಹಿಡಿದು ಜಾಗ ಅಳೆದು, ಫ್ರಿಜ್ಜಿನ ಬಾಗಿಲು ತೆಗೆದು ನೋಡಿ, ನನ್ನ ಫಾರ್ಮಸಿ ಸರ್ಟಿಫಿಕೇಟನ್ನು ನಿಧಾನವಾಗಿ ಓದಿ, ಎಲ್ಲ ಸರಿಯಿದೆ ಎಂದು ಬರೆದುಕೊಂಡು ಹೋಗಿದ್ದರು. ಇನ್ನು ಔಷಧಿ ತಂದು ಜೋಡಿಸುವುದೊಂದೇ ಬಾಕಿ ಎಂದುಕೊಂಡಿದ್ದೆ.

ನಾನು ಆಸ್ಪತ್ರೆಯೊಂದರ ಔಷಧಿ ವಿಭಾಗದಲ್ಲಿ ಬಹಳ ವರ್ಷ ದುಡಿದವಳು. ಕಿಟಕಿಯ ಆ ಕಡೆ ನಿಂತವರಿಗೆ ಮಾತ್ರೆ ಕೊಟ್ಟು, ಊಟಕ್ಕೆ ಮುಂಚೆ ಯಾವುದು, ಆಮೇಲೆ ಯಾವುದು ಎಂದು ತಿಳಿಸಿ ಹೇಳುತ್ತಲೇ ನಲವತ್ತು ದಾಟಿದ್ದೆ. ನಮ್ಮ ತಂದೆ ಆರೋಗ್ಯ ಇಲಾಖೆಯಲ್ಲಿ ಜವಾನರಾಗಿದ್ದವರು. ಬುದ್ಧನಿಗೆ ಕೈಮುಗಿಯುವ ಮನೆ ನಮ್ಮದು. ನಮ್ಮವರಲ್ಲಿ ಓದಿ ನೌಕರಿ ಹಿಡಿದವರು ಬೇಕಾದಷ್ಟು ಜನ ಇದ್ದರು. ಅಂಗಡಿ ಇಟ್ಟವರು ನನಗೆ ತಿಳಿದಂತೆ ಯಾರೂ ಇರಲಿಲ್ಲ. ವ್ಯಾಪಾರ ಎಂದರೆ ಬೇರೆಯವರು ಮಾಡುವುದು, ನಾವು ಹೋಗಿ ಕೊಂಡು ತರುವವರು ಎಂಬ ಭಾವನೆ ಮನೆಯಲ್ಲಿ ಎಲ್ಲರಿಗೂ ಇತ್ತು. ಸಂಬಳದ ಕೆಲಸ ಬಿಡುತ್ತೇನೆ ಅಂದಾಗ ನನ್ನ ತಾಯಿ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅಂಗಡಿಯ ಬಾಗಿಲಿಗೆ ಕಟ್ಟಲು ತಾನೇ ಮಾವಿನೆಲೆಯ ತೋರಣ ಪೋಣಿಸಿ ಕೊಟ್ಟಳು.

ಔಷಧಿ ಕಂಪನಿಗಳು ಅಂಗಡಿಗಳಿಗೆ ನೇರವಾಗಿ ಮಾಲು ಕೊಡುವುದಿಲ್ಲ. ಒಂದೊಂದು ಕಂಪನಿಗೂ ಊರಿನಲ್ಲಿ ಇಷ್ಟು ಜನ ಸ್ಟಾಕಿಸ್ಟ್‌ಗಳು ಎಂದಿರುತ್ತಾರೆ. ಅವರ ಗೋದಾಮಿನಿಂದ ನಮ್ಮಂಥವರ ಅಂಗಡಿಗೆ ಮಾಲು ಬರಬೇಕು. ನಾನು ಮೊದಲು ಹೋದದ್ದು ಚಾಮರಾಜಪೇಟೆಯ ಒಬ್ಬ ಸ್ಟಾಕಿಸ್ಟ್ ಹತ್ತಿರ. ಆಸ್ಪತ್ರೆಗೆ ಮಾಲು ಕೊಡುತ್ತಿದ್ದವರು, ನನಗೆ ಹಳೆಯ ಪರಿಚಯ. ಮೃದು ಮಾತಿನ, ಕೂದಲು ನೆರೆತ ಮನುಷ್ಯ. ನನ್ನ ಕಾಗದಗಳನ್ನು ನೋಡಿ ಸಂತೋಷಪಟ್ಟರು. ಆಮೇಲೆ ಸ್ವಲ್ಪ ತಡೆದು, "ಮೇಡಂ, ಸಂಘದ ಎನ್‌ಒಸಿ ಒಂದು ತಂದ್ಬಿಡಿ. ನಾಳೆನೇ ಮಾಲು ಕಳಿಸ್ತೀನಿ," ಅಂದರು.

ಸರ್ಕಾರದ ಯಾವುದೋ ಕಾಗದ ಮರೆತೆನೇನೋ ಎಂದುಕೊಂಡು, ಅದನ್ನು ಯಾವ ಆಫೀಸಿನಲ್ಲಿ ಕೊಡುತ್ತಾರೆ ಎಂದು ಕೇಳಿದೆ. ಅವರು ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಸರಿಸಿದರು. ಅದು ಸರ್ಕಾರದ್ದಲ್ಲ, ಔಷಧಿ ವರ್ತಕರ ಸಂಘದ್ದು. ಹೊಸದಾಗಿ ಅಂಗಡಿ ಇಡುವವರಿಗೆ ನಮ್ಮ ಅಭ್ಯಂತರವಿಲ್ಲ ಎಂದು ಸಂಘ ಬರೆದುಕೊಡಬೇಕು. ಅದಿಲ್ಲದೆ ಈ ಭಾಗದಲ್ಲಿ ಯಾವ ಸ್ಟಾಕಿಸ್ಟೂ ಖಾತೆ ತೆರೆಯುವುದಿಲ್ಲ ಎಂದು ವಿವರಿಸಿದರು. ಕೊಟ್ಟರೆ ಏನಾಗುತ್ತದೆ ಎಂದು ಕೇಳಿದೆ. ಉಳಿದ ಅಂಗಡಿಗಳೆಲ್ಲ ಸೇರಿ ಅವರ ಕಂಪನಿಗಳ ಮಾಲನ್ನು ಕೊಳ್ಳುವುದನ್ನು ನಿಲ್ಲಿಸುತ್ತವಂತೆ. ಒಂದು ಸಲ ಹಾಗೆ ಆಗಿ, ಅವರ ಗೋದಾಮಿನಲ್ಲಿ ಮಾಲು ಕೊಳೆತಿತ್ತಂತೆ.

ಇನ್ನೊಬ್ಬರ ಹತ್ತಿರ ಹೋದೆ, ಮತ್ತೊಬ್ಬರ ಹತ್ತಿರ ಹೋದೆ. ಬಳೇಪೇಟೆಯ ಕೈಗಾಡಿಗಳ ನಡುವೆ ಸ್ಕೂಟರ್ ನುಗ್ಗಿಸಿಕೊಂಡು ಹೋಗಿ ಮೂರನೆಯ ಮಹಡಿಯ ಒಂದು ಗೋದಾಮನ್ನೂ ಹತ್ತಿಬಂದೆ. ಒಬ್ಬರು ಸ್ಟಾಕ್ ಇಲ್ಲ ಅಂದರು. ಒಬ್ಬರು ಯುಗಾದಿ ಕಳೆಯಲಿ, ಈಗ ಹೊಸ ಖಾತೆ ತೆರೆಯುತ್ತಿಲ್ಲ ಅಂದರು. ಮಾತು ಬೇರೆ ಬೇರೆ, ಅರ್ಥ ಒಂದೇ.

ಹಾಗಾದರೆ ಆ ಎನ್‌ಒಸಿಯನ್ನೇ ತರೋಣ ಎಂದು ಸಂಘದ ಅಧ್ಯಕ್ಷರ ಬಳಿಗೆ ಹೋದೆ. ಬಸವನಗುಡಿಯ ಮುಖ್ಯರಸ್ತೆಯಲ್ಲಿ ಅವರದು ಹಳೆಯ ಅಂಗಡಿ. ಕನಕಪುರದ ಕಡೆಯ ಹಳ್ಳಿಯಿಂದ ಚಿಕ್ಕ ವಯಸ್ಸಿನಲ್ಲಿ ಬಂದು, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದು, ಆಮೇಲೆ ಅದೇ ಅಂಗಡಿಯನ್ನು ಕೊಂಡವರು. ಸುತ್ತಮುತ್ತಲಿನವರಿಗೆ ಅವರ ಮೇಲೆ ಗೌರವವಿತ್ತು, ನನಗೂ ಇತ್ತು. ನನ್ನನ್ನು ಕೂರಿಸಿ ಕಾಫಿ ತರಿಸಿದರು. ಆಸ್ಪತ್ರೆಯ ಕೆಲಸದ ಬಗ್ಗೆ ವಿಚಾರಿಸಿದರು. ಯಾವ ಕಡೆಯವರು ನೀವು ಎಂದು ಕೇಳಿದರು. ನಮ್ಮ ತಂದೆಯ ಊರಿನ ಹೆಸರು ಹೇಳಿದೆ. ಅವರು ಇನ್ನೂ ಏನೋ ಹೇಳಲಿ ಎನ್ನುವಂತೆ ಕಾದರು. ನಾನು ಕಾಫಿ ಕುಡಿದೆ.

ಆಮೇಲೆ ಅವರು ವಿಷಯಕ್ಕೆ ಬಂದರು. ನಾನು ಹಿಡಿದಿರುವ ಜಾಗದಿಂದ ಸ್ವಲ್ಪ ದೂರದಲ್ಲೇ ಇನ್ನೊಂದು ಔಷಧಿ ಅಂಗಡಿಯಿದೆ, ಅದನ್ನು ಇಟ್ಟವನೂ ಸಂಸಾರಸ್ಥ. ಎರಡು ಅಂಗಡಿಗಳು ಅಕ್ಕಪಕ್ಕ ಬಂದರೆ ಇಬ್ಬರೂ ಮುಳುಗುತ್ತೀರಿ ಎಂದರು. ಊರಾಚೆ ಹೊಸ ಬಡಾವಣೆಗಳ ಕಡೆ ಜಾಗ ನೋಡಿಕೊಂಡರೆ ತಾವೇ ನಿಂತು ಎನ್‌ಒಸಿ ಕೊಡಿಸುತ್ತೇನೆ ಎಂದರು. ವಯಸ್ಸಾದವರಿಗೆ ರಿಯಾಯಿತಿ ಕೊಡುವ ಯೋಚನೆ ನನಗಿದೆ ಎಂಬ ಸುದ್ದಿ ಅದು ಹೇಗೋ ಅವರ ಕಿವಿಗೆ ಬಿದ್ದಿತ್ತು. ಎಲ್ಲಿ ಅಂಗಡಿ ಇಟ್ಟರೂ ರಿಯಾಯಿತಿಯ ಬೋರ್ಡ್ ಮಾತ್ರ ಹಾಕಬಾರದು, ನಮ್ಮಲ್ಲಿ ಯಾರೂ ಕೊಡುವುದಿಲ್ಲ, ಪ್ಯಾಕೆಟ್ಟಿನ ಮೇಲಿನ ಬೆಲೆಗೇ ಮಾರುತ್ತೇವೆ ಎಂದರು.

"ಸರ್ಕಾರ ಲೈಸೆನ್ಸ್ ಕೊಟ್ಟಿದೆ ಸರ್. ಆ ರಸ್ತೆಗೇ ಕೊಟ್ಟಿದೆ," ಅಂದೆ.

"ಲೈಸೆನ್ಸು ಗೋಡೆಗೆ ಹಾಕ್ಕೊಳ್ಳೋಕಮ್ಮ. ಮಾಲು ಕೊಡ್ಬೇಕೋ ಬೇಡ್ವೋ ಅಂತ ಹೇಳೋರು ನಾವು," ಎಂದರು.

ಅದರಲ್ಲಿ ಕೋಪವಿರಲಿಲ್ಲ, ದರ್ಪವೂ ಇರಲಿಲ್ಲ. ಹೊಸಬಳಿಗೆ ಊರಿನ ರೀತಿ ತಿಳಿಸಿಕೊಡುವ ಹಿರಿಯರ ಧ್ವನಿಯಲ್ಲೇ ಹೇಳಿದರು. ಬೈದಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆನೋ ಏನೋ. ಅಷ್ಟು ಸಹಜವಾಗಿ ಹೇಳಿದ್ದರಿಂದಲೇ ಆ ಮಾತು ನನ್ನೊಳಗೆ ಕುಳಿತುಬಿಟ್ಟಿತು. ಅಂಗಡಿ ನಾನು ಹಿಡಿದ ರಸ್ತೆಯಲ್ಲೇ ಇರುತ್ತದೆ ಎಂದು ಮೆಟ್ಟಿಲಿಳಿಯುವಾಗಲೇ ನಿಶ್ಚಯಿಸಿಕೊಂಡೆ.

ನನ್ನ ಗಂಡ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಜಗಳ ಎಂದರೆ ಮೈಲಿ ದೂರ. ವಾಪಸ್ ಆಸ್ಪತ್ರೆಗೆ ಸೇರಿಕೋ, ಇಲ್ಲದಿದ್ದರೆ ಅವರು ಹೇಳಿದ ಕಡೆ ಜಾಗ ನೋಡೋಣ ಎಂದರು. ನಾನು ಎರಡಕ್ಕೂ ಒಪ್ಪಲಿಲ್ಲ. ಒಪ್ಪುವುದಿಲ್ಲ ಎಂದು ಗೊತ್ತಾದ ಮೇಲೆ ಅವರು ಹಟ ಮಾಡಲಿಲ್ಲ. ಸಂಘದ ಕೈ ಬೆಂಗಳೂರಿನ ಆಚೆಗೆ ಅಷ್ಟಾಗಿ ಚಾಚಿರಲಿಲ್ಲ. ತುಮಕೂರಿನಲ್ಲಿ ಒಬ್ಬ ಹೋಲ್‌ಸೇಲ್ ವ್ಯಾಪಾರಿಯನ್ನು ಹುಡುಕಿದೆವು. ಅವರು ಲೈಸೆನ್ಸ್ ನೋಡಿ, ಬಿಲ್ ಹರಿದು, ಮಾಲು ಕೊಟ್ಟರು. ಬೇರೇನೂ ಕೇಳಲಿಲ್ಲ.

ಫಾರ್ಮಸಿಸ್ಟ್ ಇಲ್ಲದೆ ಔಷಧಿ ಅಂಗಡಿ ತೆರೆದಿಡುವಂತಿಲ್ಲ. ನಮ್ಮಲ್ಲಿ ಫಾರ್ಮಸಿಸ್ಟ್ ನಾನೊಬ್ಬಳೇ. ಹಾಗಾಗಿ ತುಮಕೂರಿಗೆ ಹೋಗುವ ಕೆಲಸ ನನ್ನ ಗಂಡನ ಪಾಲಿಗೆ ಬಂತು. ರಜೆಯ ದಿನ ಬೆಳಿಗ್ಗೆಯೇ ಹೊರಟು, ಮಾತ್ರೆಗಳ ಪೆಟ್ಟಿಗೆ ಒಂದು ಕೈಯಲ್ಲಿ, ಇನ್ಸುಲಿನ್ ಇಟ್ಟ ಐಸ್ ಡಬ್ಬಿ ಇನ್ನೊಂದು ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದರು. ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಬಸ್ ಹಿಡಿಯಬೇಕು. ಬಿಸಿಲು ಕಾಲದಲ್ಲಿ ಎಷ್ಟೇ ದಣಿದಿದ್ದರೂ ನೇರ ಅಂಗಡಿಗೆ ಬಂದು, ಡಬ್ಬಿಯೊಳಗೆ ಕೈಯಿಟ್ಟು, ಇನ್ನೂ ತಣ್ಣಗಿದೆ ನೋಡು ಎಂದು ಹೇಳಿ, ಆಮೇಲೆ ನೀರು ಕೇಳುತ್ತಿದ್ದರು.

ಅಂಗಡಿಯೇನೋ ತೆರೆಯಿತು. ಆದರೆ ರ‍್ಯಾಕುಗಳಲ್ಲಿ ಅರ್ಧಕ್ಕರ್ಧ ಖಾಲಿ. ಪಕ್ಕದ ರಸ್ತೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಮ್ಮ ಇದ್ದರು. ಅವರ ಯಜಮಾನರಿಗೆ ಫಿಟ್ಸ್ ಬರುತ್ತಿತ್ತು. ಆ ಮಾತ್ರೆಯ ಕಂಪನಿ ಬದಲಾಯಿಸಬಾರದು ಎಂದು ಡಾಕ್ಟರು ಹೇಳಿದ್ದರು, ಆ ಕಂಪನಿಯ ಮಾಲು ತುಮಕೂರಿನವರಲ್ಲಿ ಇರಲಿಲ್ಲ. ಮೇಷ್ಟ್ರಮ್ಮ ಬಂದಾಗಲೆಲ್ಲ ಇಲ್ಲ ಎಂದು ಹೇಳಿ ಕಳಿಸಬೇಕಾಗುತ್ತಿತ್ತು. ಆದರೂ ಅವರು ಮತ್ತೆ ಬಂದು ಕೇಳುತ್ತಿದ್ದರು. ಸಿಗದಿದ್ದರೆ ಒಂದು ಬ್ಯಾಂಡೇಜನ್ನೋ ನೋವಿನ ಮುಲಾಮನ್ನೋ ಕೊಂಡು ಹೋಗುತ್ತಿದ್ದರು. ಅದು ನನ್ನ ಮೇಲಿನ ಕರುಣೆ ಎಂದು ನನಗೆ ಗೊತ್ತಾಗುತ್ತಿತ್ತು.

ಒಂದು ದಿನ ಆ ಮೇಷ್ಟ್ರಮ್ಮ ಕೌಂಟರಿನ ಹತ್ತಿರ ಬಗ್ಗಿ ಮೆಲ್ಲಗೆ ಒಂದು ವಿಷಯ ಹೇಳಿದರು. ನನ್ನ ಅಂಗಡಿಯ ಮಾಲು ಡೂಪ್ಲಿಕೇಟ್, ಊರಿನ ಸ್ಟಾಕಿಸ್ಟ್‌ಗಳು ಯಾರೂ ಕೊಡುವುದಿಲ್ಲ, ಎಲ್ಲಿಂದಲೋ ತರುತ್ತಾಳೆ ಎಂದು ಯಾರೋ ರಸ್ತೆಯಲ್ಲಿ ಹಬ್ಬಿಸಿದ್ದರು. ನಾನು ಬಿಲ್ಲುಗಳನ್ನೆಲ್ಲ ತೆಗೆದು ಅವರ ಮುಂದೆ ಹರಡಿದೆ. ಅವರು ನೋಡಲಿಲ್ಲ. ನನಗೆ ತೋರಿಸಬೇಕಾಗಿಲ್ಲ, ತೋರಿಸಬೇಕಾದ ಕಡೆ ತೋರಿಸು ಅಂದರು. ಅವರ ತಂಗಿಯ ಮಗಳು ವಕೀಲೆಯಂತೆ, ಶೇಷಾದ್ರಿಪುರಂನಲ್ಲಿ ಆಫೀಸು. ಹೋಗಿ ಕಂಡು ಬಾ ಎಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟರು.

ಆ ವಕೀಲೆ ನನಗಿಂತ ಚಿಕ್ಕವರು. ನನ್ನನ್ನು ಅಕ್ಕ ಎಂದೇ ಕರೆದರು. ನಾನು ಹೋಗುವಾಗ, ಕೊಡಬೇಕಾದ ಯಾವುದೋ ಕಾಗದ ಕೊಡದೆ ಸತಾಯಿಸುತ್ತಿದ್ದಾರೆ, ಅದನ್ನು ಕೊಡಿಸಿಕೊಡಿ ಎಂದು ಕೇಳಿಕೊಳ್ಳಲು ಹೋಗಿದ್ದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಅದನ್ನು ಕೇಳುವುದೇ ತಪ್ಪು ಎಂದರು.

"ಅಕ್ಕ, ಆ ಕಾಗದ ಕೊಡೋ ಅಧಿಕಾರನೇ ಅವರಿಗಿಲ್ಲ. ನೀವು ಯಾಕೆ ಕೇಳ್ತೀರ?"

ಆಮೇಲೆ ನನಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು. ವ್ಯಾಪಾರಿಗಳು ಸಂಘ ಕಟ್ಟಿಕೊಳ್ಳುವುದು ತಪ್ಪಲ್ಲ. ಸಭೆ ಸೇರಬಹುದು, ಕಷ್ಟಕ್ಕೆ ಒಬ್ಬರಿಗೊಬ್ಬರು ಆಗಬಹುದು, ಸರ್ಕಾರಕ್ಕೆ ಮನವಿ ಕೊಡಬಹುದು. ಆದರೆ ಯಾರು ಅಂಗಡಿ ಇಡಬೇಕು, ಎಲ್ಲಿ ಇಡಬೇಕು, ಎಷ್ಟಕ್ಕೆ ಮಾರಬೇಕು, ಯಾರಿಗೆ ಮಾಲು ಸಿಗಬಾರದು ಎಂದು ಪೈಪೋಟಿ ಮಾಡಬೇಕಾದವರೇ ಒಟ್ಟಿಗೆ ಕುಳಿತು ತೀರ್ಮಾನಿಸುವಂತಿಲ್ಲ. ಅದನ್ನು ತಡೆಯುವುದಕ್ಕೇ ಒಂದು ಕಾಯ್ದೆಯಿದೆ, ಅದನ್ನು ನೋಡಿಕೊಳ್ಳಲು ದೆಹಲಿಯಲ್ಲಿ ಒಂದು ಆಯೋಗವಿದೆ. ಪ್ಯಾಕೆಟ್ಟಿನ ಮೇಲೆ ಅಚ್ಚಾಗಿರುವುದು ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎಂಬ ಬೆಲೆ. ಕಡಿಮೆಗೆ ಮಾರಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ. ಇಷ್ಟು ವರ್ಷ ಔಷಧಿಯ ನಡುವೆಯೇ ಬದುಕಿದ ನನಗೆ ಇದು ತಿಳಿದಿರಲಿಲ್ಲ. ತಿಳಿದಾಗ ಬೆನ್ನು ತಾನಾಗಿ ನೆಟ್ಟಗಾಯಿತು.

ಒಂದು ತೊಡಕಿತ್ತು. ನನಗೆ ಮಾಲು ಕೊಡಬೇಡಿ ಎಂದು ಸಂಘ ಎಲ್ಲಿಯೂ ಬರೆದುಕೊಟ್ಟಿರಲಿಲ್ಲ. ಎಲ್ಲ ಬಾಯಿಮಾತು. ವಕೀಲೆ ಅದಕ್ಕೆ ಎದೆಗುಂದಲಿಲ್ಲ. ಇಂಥ ಒಪ್ಪಂದವನ್ನು ಯಾರೂ ಛಾಪಾ ಕಾಗದದ ಮೇಲೆ ಮಾಡಿಕೊಳ್ಳುವುದಿಲ್ಲ, ಎಲ್ಲರೂ ಒಂದೇ ತರಹ ನಡೆದುಕೊಂಡದ್ದೂ ಸಾಕ್ಷಿಯೇ. ಆಯೋಗದ ತನಿಖೆಯವರು ಜನರನ್ನು ಕರೆಸಿ ಪ್ರಮಾಣ ಮಾಡಿಸಿ ಕೇಳುತ್ತಾರೆ ಎಂದರು. ಹಾಗೆ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳುವ ಒಬ್ಬರಾದರೂ ಇದ್ದಾರೆಯೇ ಎಂದು ಕೇಳಿದರು.

ನನಗೆ ಹೊಳೆದದ್ದು ಚಾಮರಾಜಪೇಟೆಯ ಆ ಸ್ಟಾಕಿಸ್ಟ್. ಮಧ್ಯಾಹ್ನ ಜನ ಕಡಿಮೆಯಿರುವ ಹೊತ್ತು ನೋಡಿ ಹೋದೆ. ದೂರು ಕೊಡುತ್ತಿದ್ದೇನೆ, ನಿಮ್ಮ ಹೆಸರೂ ಬರುತ್ತದೆ, ಹಿಂದಿನಿಂದ ತಿಳಿಯುವುದು ಬೇಡ ಎಂದು ಮೊದಲೇ ಹೇಳಲು ಬಂದೆ ಅಂದೆ. ಅವರು ಎದ್ದು ಹೋಗಿ ಕೆಲಸದವರಿಗೆ ಏನೋ ಹೇಳಿ ಬಂದು ಮತ್ತೆ ಕುಳಿತರು. ಗೋದಾಮನ್ನು ಅವರ ತಂದೆ ಶುರು ಮಾಡಿದ್ದು. ಅದನ್ನು ಮುಚ್ಚಿದವನು ಎಂಬ ಹೆಸರು ತಮಗೆ ಬೇಡ ಅಂದರು. ಆಮೇಲೆ ನನ್ನ ಮುಖ ನೋಡಿ ಹೇಳಿದರು.

"ನಾನಾಗೇ ಬಂದು ಹೇಳಲ್ಲ ಮೇಡಂ, ಅಷ್ಟು ಧೈರ್ಯ ಇಲ್ಲ. ಆದ್ರೆ ಕರೆದು ಕೇಳಿದ್ರೆ ಸುಳ್ಳೂ ಹೇಳಲ್ಲ."

ನನಗೆ ಅಷ್ಟು ಸಾಕಾಗಿತ್ತು. ದೂರು ದೆಹಲಿಗೆ ಹೋಯಿತು.

ಕಾಯುವುದು ಹೇಗೆ ಎಂಬುದನ್ನು ಆ ದಿನಗಳು ನನಗೆ ಕಲಿಸಿದವು. ಅಂಗಡಿ ಪ್ರತಿದಿನ ಬೆಳಿಗ್ಗೆ ತೆರೆಯುತ್ತಿತ್ತು. ವ್ಯಾಪಾರವಿಲ್ಲದ ದಿನ ರ‍್ಯಾಕು ಒರೆಸುತ್ತಿದ್ದೆ. ಬಿ.ಪಿ. ನೋಡಿಸಿಕೊಳ್ಳಲು ಬರುವ ಹಿರಿಯರನ್ನು ಕೂರಿಸಿ, ಡಾಕ್ಟರು ಬರೆದ ಚೀಟಿ ಓದಿ ಯಾವುದು ಯಾತಕ್ಕೆ ಎಂದು ಹೇಳುತ್ತಿದ್ದೆ. ಮಾತ್ರೆ ನನ್ನಲ್ಲಿ ಇಲ್ಲದಿದ್ದರೆ ಎಲ್ಲಿ ಸಿಗುತ್ತದೆ ಎಂದು ತಿಳಿಸುತ್ತಿದ್ದೆ. ಅದು ಅಧ್ಯಕ್ಷರ ಅಂಗಡಿಯಾದರೂ ಸರಿಯೇ. ನನ್ನ ಗಂಡ ತುಮಕೂರಿಗೆ ಹೋಗಿ ಬರುತ್ತಿದ್ದರು. ಬಸ್ಸಿನ ಕಂಡಕ್ಟರಿಗೆ ಅವರ ಐಸ್ ಡಬ್ಬಿಯ ಪರಿಚಯವಾಗಿ, ಬಿಸಿಲು ಬೀಳದ ಕಡೆ ಸೀಟು ಹಿಡಿದುಕೊಡುವಷ್ಟು ಸ್ನೇಹವಾಗಿತ್ತು.

ಕೊನೆಗೊಂದು ದಿನ ವಕೀಲೆ ಫೋನ್ ಮಾಡಿದರು. ದೂರಿನಲ್ಲಿ ಹುರುಳಿದೆ ಎಂದು ಆಯೋಗಕ್ಕೆ ಕಂಡಿದೆ, ತನಿಖೆಗೆ ಆದೇಶವಾಗಿದೆ ಅಂದರು. ಸುದ್ದಿ ಬಸವನಗುಡಿಗೂ ತಲುಪಿರಬೇಕು. ಮುಂದಿನ ಭಾನುವಾರ ಬೆಳಿಗ್ಗೆ ಅಧ್ಯಕ್ಷರು ನಮ್ಮ ಮನೆಗೇ ಬಂದರು.

ಸಂಘದ ಇನ್ನಿಬ್ಬರನ್ನು ಕೆಳಗೆ ಕಾರಿನಲ್ಲೇ ಬಿಟ್ಟು, ಒಬ್ಬರೇ ಮೆಟ್ಟಿಲು ಹತ್ತಿ ಬಂದಿದ್ದರು. ಮಂಡಿ ನೋವಿತ್ತು, ಒಂದೊಂದು ಮೆಟ್ಟಿಲಿಗೂ ನಿಂತು ಬಂದದ್ದು ಕಾಣುತ್ತಿತ್ತು. ನನ್ನ ತಾಯಿ ಅವರಿಗೆ ಕಾಫಿ ಕೊಟ್ಟಳು. ಅವರು ಲೋಟ ತೆಗೆದುಕೊಂಡು ಕುಡಿದರು. ನಡುಮನೆಯಲ್ಲಿದ್ದ ಬುದ್ಧನ ವಿಗ್ರಹದ ಕಡೆ ಒಂದು ಸಲ ನೋಡಿದರು, ಏನೂ ಕೇಳಲಿಲ್ಲ. ನನಗೆ ಎನ್‌ಒಸಿ ಕೊಡಲು ಸಂಘ ಒಪ್ಪಿದೆ, ನಾಳೆಯಿಂದಲೇ ಎಲ್ಲ ಸ್ಟಾಕಿಸ್ಟ್‌ಗಳೂ ಮಾಲು ಕೊಡುತ್ತಾರೆ, ದೂರನ್ನು ಮಾತ್ರ ಇಲ್ಲಿಗೆ ಬಿಟ್ಟುಬಿಡಿ ಎಂದರು. ಸಂಘ ಏನೇನು ಮಾಡಿದೆ ಎಂದೂ ಹೇಳಿದರು. ವ್ಯಾಪಾರಿಯೊಬ್ಬ ತೀರಿಕೊಂಡಾಗ ಹೆಂಡತಿ ಮಕ್ಕಳಿಗೆ ಆಸರೆಯಾದದ್ದು ಸಂಘ. ಒಬ್ಬರ ಮೇಲೊಬ್ಬರು ಬೆಲೆ ಇಳಿಸಿಕೊಂಡು ಹಿಂದೆ ಎಷ್ಟೋ ಸಣ್ಣ ಅಂಗಡಿಗಳು ಮುಚ್ಚಿದ್ದವು, ಅದನ್ನು ತಡೆಯಲೆಂದೇ ಈ ಕಟ್ಟುಪಾಡು ಬಂದದ್ದು ಎಂದರು. ಅದರಲ್ಲಿ ಸುಳ್ಳಿರಲಿಲ್ಲ. ನನ್ನ ಗಂಡ ನನ್ನ ಕಡೆ ನೋಡಿದರು. ಒಪ್ಪಿಕೋ ಎಂದು ಅವರ ಕಣ್ಣು ಹೇಳುತ್ತಿತ್ತು. ತುಮಕೂರಿನ ಬಸ್ಸಿನಲ್ಲಿ ಸವೆದವರು ಅವರು. ಹಾಗೆ ಅನ್ನಿಸಿದ್ದು ತಪ್ಪಲ್ಲ.

"ಸರ್, ಎನ್‌ಒಸಿ ತಗೊಂಡ್ರೆ ಅದನ್ನ ಕೊಡೋ ಹಕ್ಕು ನಿಮಗಿದೆ ಅಂತ ನಾನೇ ಒಪ್ಕೊಂಡ ಹಾಗೆ ಆಗುತ್ತೆ," ಅಂದೆ. "ನನಗೆ ಆ ಕಾಗದ ಬೇಡ. ಅದನ್ನ ಯಾರೂ ಕೇಳೋ ಹಾಗಾಗಬಾರದು, ಅಷ್ಟೇ ಬೇಕಾಗಿರೋದು."

ಅವರು ಲೋಟ ಕೆಳಗಿಟ್ಟು, "ನಲವತ್ತು ವರ್ಷದಿಂದ ನಡ್ಕೊಂಡು ಬಂದಿರೋದನ್ನ ಒಬ್ಬರು ಬಂದು ತಪ್ಪು ಅಂದ್ರೆ ಹೇಗಮ್ಮ ಒಪ್ಪೋದು?" ಎಂದರು. ಇಳಿಯುವಾಗ ನನ್ನ ಗಂಡ ಅವರ ಕೈ ಹಿಡಿದು ಕೆಳಗಿನವರೆಗೂ ಬಿಟ್ಟುಬಂದರು. ಮೇಲೆ ಬಂದು, ಅವರಿಗಿಂತ ನೀನೇ ಗಟ್ಟಿ ಎಂದು ಅರ್ಧ ಬೇಸರ, ಅರ್ಧ ಇನ್ನೇನೋ ಸೇರಿದ ಧ್ವನಿಯಲ್ಲಿ ಹೇಳಿ, ತುಮಕೂರಿನಿಂದ ತರಬೇಕಾದ ಮಾಲಿನ ಪಟ್ಟಿ ಕೇಳಿದರು. ವಕೀಲೆಗೆ ಈ ವಿಷಯ ತಿಳಿಸಿದಾಗ, ಇಂಥ ದೂರು ಆಯೋಗದ ಕೈಗೆ ಹೋದಮೇಲೆ ಇಬ್ಬರ ನಡುವಿನ ಜಗಳವಾಗಿ ಉಳಿಯುವುದಿಲ್ಲ, ನೀವು ಸುಮ್ಮನಾದರೂ ಅವರು ವಿಚಾರಣೆ ನಿಲ್ಲಿಸಬೇಕೆಂದಿಲ್ಲ ಎಂದರು. ಆದರೆ ನೀವು ಸುಮ್ಮನಾಗದೆ ಇದ್ದದ್ದು ಒಳ್ಳೆಯದಾಯಿತು ಎಂದೂ ಸೇರಿಸಿದರು.

ತನಿಖೆಯವರು ಒಬ್ಬೊಬ್ಬರನ್ನಾಗಿ ಕರೆಸಿದರು. ಕೆಲವು ಸ್ಟಾಕಿಸ್ಟ್‌ಗಳು ನನ್ನನ್ನು ನೋಡಿದ ನೆನಪೇ ಇಲ್ಲ ಎಂದರಂತೆ. ಚಾಮರಾಜಪೇಟೆಯವರಿಗೂ ದೆಹಲಿಗೆ ಬರಲು ನೋಟಿಸ್ ಬಂತು. ಅದು ಚಳಿಗಾಲ. ಅಳಿಯನ ಸ್ವೆಟರ್ ಹಾಕಿಕೊಂಡು ಹೋಗಿದ್ದರಂತೆ, ಅದೂ ಸಾಲದೆ ನಡುಗಿದರಂತೆ. ನಡುಕ ಚಳಿಗೋ ಭಯಕ್ಕೋ ಗೊತ್ತಾಗಲಿಲ್ಲ ಎಂದು ಆಮೇಲೆ ನನ್ನ ಹತ್ತಿರ ನಕ್ಕರು. ಮಾಲು ಕೊಟ್ಟರೆ ತಮಗೇನಾಗುತ್ತಿತ್ತು, ಹಿಂದೆ ಏನಾಗಿತ್ತು, ಆ ಮಾತು ಯಾರಿಂದ ಬಂತು ಎಂದು ಕೇಳಿದ್ದಕ್ಕೆಲ್ಲ ಇದ್ದದ್ದನ್ನೇ ಹೇಳಿದರು. ಅವರು ಹೇಳಿದ ಮೇಲೆ ಇನ್ನೊಬ್ಬರೂ ಬಾಯಿಬಿಟ್ಟರು. ಬಳೇಪೇಟೆಯ ಆ ಮೂರನೆಯ ಮಹಡಿಯವರು.

ಚಾಮರಾಜಪೇಟೆಯವರು ವಾಪಸು ಬಂದಮೇಲೆ ಕೆಲವು ಅಂಗಡಿಯವರು ಅವರಲ್ಲಿ ಮಾಲು ಕೊಳ್ಳುವುದನ್ನು ನಿಲ್ಲಿಸಿದರು. ನಾನು ಅವರ ಗೋದಾಮಿಗೆ ಹೋಗಿ, ಇದಕ್ಕೆಲ್ಲ ನಾನೇ ಕಾರಣ ಎಂದೆ. ಅವರು ತಲೆಯಾಡಿಸಿದರು. ಬಂದಿದ್ದೀರಲ್ಲ, ಆರ್ಡರ್ ಬರೆಸಿ ಅಂದರು. ಸಂಘದ ಕಾಗದವಿಲ್ಲದೆ ಬೆಂಗಳೂರಿನ ಗೋದಾಮಿನಿಂದ ನನಗೆ ಮೊದಲ ಮಾಲು ಬಂದದ್ದು ಆವತ್ತು, ತೀರ್ಪಿಗೂ ಮುಂಚೆ. ಆ ಮಾಲಿನಲ್ಲಿ ಮೇಷ್ಟ್ರಮ್ಮನ ಯಜಮಾನರ ಮಾತ್ರೆಯೂ ಇತ್ತು. ಅದನ್ನು ನಾನೇ ಅವರ ಮನೆಗೆ ತೆಗೆದುಕೊಂಡು ಹೋಗಿ ಕೊಟ್ಟೆ.

ತೀರ್ಪು ನಮ್ಮ ಕಡೆಗಾಯಿತು. ಎನ್‌ಒಸಿ ಕೇಳುವುದನ್ನೂ, ರಿಯಾಯಿತಿ ಕೊಡಬೇಡಿ ಎಂದು ಕಟ್ಟು ಹಾಕುವುದನ್ನೂ ಸಂಘ ನಿಲ್ಲಿಸಬೇಕು. ಇನ್ನು ಮುಂದೆ ಎನ್‌ಒಸಿ ಬೇಕಾಗಿಲ್ಲ ಎಂದು ಎಲ್ಲ ಸ್ಟಾಕಿಸ್ಟ್‌ಗಳಿಗೂ ಬರೆದು ತಿಳಿಸಬೇಕು ಎಂದು ಆದೇಶವಾಯಿತು. ಸಂಘಕ್ಕೂ ಅಧ್ಯಕ್ಷರಿಗೂ ದಂಡ ಬಿತ್ತು. ಅವರು ಮೇಲ್ಮನವಿಗೆ ಹೋದರು. ಅಲ್ಲಿ ದಂಡ ಇಳಿಯಿತು, ಆದೇಶ ಉಳಿಯಿತು. ನನಗೆ ಇದರಿಂದ ಪರಿಹಾರವೇನೂ ಬರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ರ‍್ಯಾಕುಗಳು ತುಂಬಿದವು. ವಯಸ್ಸಾದವರಿಗೆ ರಿಯಾಯಿತಿ ಎಂಬ ಬೋರ್ಡನ್ನು ನನ್ನ ಗಂಡ ಸ್ಟೂಲಿನ ಮೇಲೆ ನಿಂತು ತಾವೇ ನೇತುಹಾಕಿದರು.

ಕಥೆ ಇಲ್ಲಿಗೆ ಮುಗಿಯಿತು ಎಂದು ನಾನೂ ಭಾವಿಸಿದ್ದೆ. ಆದರೆ ಪೈಪೋಟಿಗೆ ಬಾಗಿಲು ತೆಗೆದರೆ ನನ್ನಂಥವರೇ ಒಳಗೆ ಬರುತ್ತಾರೆ ಎಂಬ ನೇಮವೇನಿಲ್ಲ. ಕೆಲವು ವರ್ಷಗಳಲ್ಲಿ ನಮ್ಮ ಮುಖ್ಯರಸ್ತೆಗೆ ದೊಡ್ಡ ಕಂಪನಿಯೊಂದರ ಔಷಧಿ ಅಂಗಡಿ ಬಂತು. ಗಾಜಿನ ಬಾಗಿಲು, ಎ.ಸಿ., ಒಳಗೆ ಬಣ್ಣದ ಟೀ ಶರ್ಟ್ ತೊಟ್ಟ ಹುಡುಗಿಯರು. ಅದರ ಹಿಂದೆಯೇ ಫೋನಿನಲ್ಲಿ ಆರ್ಡರ್ ಮಾಡಿದರೆ ಮನೆಗೇ ತಂದುಕೊಡುವ ಆ್ಯಪುಗಳು. ನಾನು ಕೊಡುವ ರಿಯಾಯಿತಿಯ ಎರಡರಷ್ಟನ್ನು ಅವರು ಕೊಡುತ್ತಿದ್ದರು. ತಿಂಗಳ ಔಷಧಿಯನ್ನೆಲ್ಲ ನನ್ನಲ್ಲಿ ಕೊಳ್ಳುತ್ತಿದ್ದವರು ತುರ್ತಿಗೆ ಬೇಕಾದ ಒಂದೆರಡು ಮಾತ್ರೆಗೆ ಮಾತ್ರ ಬರತೊಡಗಿದರು. ತಪ್ಪು ಎನ್ನುವಂತಿಲ್ಲ. ಕಡಿಮೆಗೆ ಸಿಗುವ ಕಡೆ ಕೊಳ್ಳುವ ಹಕ್ಕು ಅವರದು, ಆ ಹಕ್ಕಿಗಾಗಿಯೇ ನಾನು ದೆಹಲಿಯವರೆಗೂ ದೂರು ಒಯ್ದದ್ದು.

ಒಂದು ಮಧ್ಯಾಹ್ನ ಬಸವನಗುಡಿಯ ಅಧ್ಯಕ್ಷರು ನನ್ನ ಅಂಗಡಿಗೆ ಬಂದರು. ಆಗ ಅವರು ಅಧ್ಯಕ್ಷರಾಗಿರಲಿಲ್ಲ, ಮಾಜಿ. ನಾನು ಸ್ಟೂಲ್ ಕೊಟ್ಟೆ. ಕುಳಿತು ಸ್ವಲ್ಪ ಹೊತ್ತು ಅಂಗಡಿ ನೋಡಿದರು, ಚೆನ್ನಾಗಿ ಇಟ್ಟಿದ್ದೀಯಮ್ಮ ಎಂದರು. ತಮ್ಮ ಅಂಗಡಿಯಲ್ಲಿ ಸಂಜೆಯ ಗಿರಾಕಿಗಳೇ ನಿಂತುಹೋಗಿದ್ದಾರೆ ಎಂದು ಹೇಳಿಕೊಂಡರು. ಆಮೇಲೆ ತಾವು ಬಂದ ಕಾರಣ ತಿಳಿಸಿದರು.

"ಆ ಕಾನೂನು ನಮಗೂ ಆಗುತ್ತೇನಮ್ಮ? ಆ ಗಾಜಿನ ಬಾಗಿಲಿನವರ ಮೇಲೆ?"

ನನಗೆ ಗೊತ್ತಿರಲಿಲ್ಲ. ಇಬ್ಬರೂ ಆಟೋ ಹಿಡಿದು ಶೇಷಾದ್ರಿಪುರಂಗೆ ಹೋದೆವು. ತಮಗೆ ದಂಡ ಹಾಕಿಸಿದ ವಕೀಲೆಯ ಮುಂದೆ ಅವರು ಕೈಕಟ್ಟಿ ಕುಳಿತು ಪ್ರತಿಯೊಂದನ್ನೂ ಗಮನವಿಟ್ಟು ಕೇಳಿದರು. ಕಡಿಮೆ ಬೆಲೆಗೆ ಮಾರುವುದು ತಾನಾಗಿಯೇ ಅಪರಾಧವಾಗುವುದಿಲ್ಲ ಎಂದು ವಕೀಲೆ ಹೇಳಿದರು. ಮಾರುಕಟ್ಟೆಯ ಮೇಲೆ ಹಿಡಿತವಿರುವ ಕಂಪನಿಯೊಂದು, ಉಳಿದವರನ್ನು ಓಡಿಸಲೆಂದೇ, ತನಗೆ ಬಿದ್ದ ಖರ್ಚಿಗಿಂತ ಕಡಿಮೆಗೆ ಮಾರುತ್ತಿದೆ ಎಂದು ತೋರಿಸಿದರೆ ಮಾತ್ರ ಕಾನೂನು ಕೈಹಿಡಿಯುತ್ತದೆ. ಹಿಡಿತವಿದೆ ಎಂದು ತೋರಿಸುವುದೇ ಕಷ್ಟ. ಇನ್ನು ಆ್ಯಪುಗಳು ವೈದ್ಯರ ಚೀಟಿಯಿಲ್ಲದೆ ಔಷಧಿ ಕೊಟ್ಟರೆ ಅದು ಬೇರೆ ಇಲಾಖೆಗೆ ಕೊಡಬೇಕಾದ ದೂರು. ಅವರು ಸುಳ್ಳು ಭರವಸೆ ಕೊಡಲಿಲ್ಲ.

ಸಂಘಕ್ಕೆ ಅಷ್ಟರಲ್ಲಿ ನಾನೂ ಸದಸ್ಯೆಯಾಗಿದ್ದೆ. ಒಳಗಿದ್ದರೆ ಮಾತಾಡಬಹುದು ಎಂದು ಸೇರಿದ್ದೆ. ಸ್ವಲ್ಪ ದಿನಕ್ಕೆ ಚಾಮರಾಜಪೇಟೆಯ ಒಂದು ಸಭಾಂಗಣದಲ್ಲಿ ಸಭೆ ಕರೆದರು. ಜನ ತುಂಬಿದ್ದರು, ಎಲ್ಲರ ಮುಖದಲ್ಲೂ ಸಿಟ್ಟು. ಹೊಸ ಪದಾಧಿಕಾರಿಯೊಬ್ಬರು ಎದ್ದು, ಆ ದೊಡ್ಡ ಅಂಗಡಿಗೂ ಆ್ಯಪುಗಳಿಗೂ ಮಾಲು ಕೊಡುವ ಸ್ಟಾಕಿಸ್ಟ್‌ಗಳಿಂದ ನಮ್ಮಲ್ಲಿ ಯಾರೂ ಕೊಳ್ಳಬಾರದು ಎಂದು ಸೂಚಿಸಿದರು. ಕಾಗದದಲ್ಲಿ ಬರೆಯುವುದು ಬೇಡ, ಬಾಯಿಮಾತಿನಲ್ಲಿ ಇರಲಿ ಎಂದರು. ಜೋರಾಗಿ ಚಪ್ಪಾಳೆ ಬಿತ್ತು. ಚಾಮರಾಜಪೇಟೆಯ ಸ್ಟಾಕಿಸ್ಟ್ ಈಗ ಆ ದೊಡ್ಡ ಅಂಗಡಿಗೂ ಮಾಲು ಕೊಡುತ್ತಿದ್ದರು. ಅದು ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಸೂಚನೆ ಜಾರಿಯಾದರೆ ನನ್ನ ವ್ಯಾಪಾರಕ್ಕೆ ಒಳ್ಳೆಯದೇ ಆಗುತ್ತಿತ್ತು. ಇದನ್ನು ಇಲ್ಲಿ ಬರೆಯಬೇಕು, ಏಕೆಂದರೆ ಆ ಕುರ್ಚಿಯಲ್ಲಿ ಕುಳಿತಾಗ ಒಂದು ಗಳಿಗೆ ನನಗೂ ಚಪ್ಪಾಳೆ ತಟ್ಟಬೇಕೆನಿಸಿತು. ಅನ್ನಿಸಿದ್ದಕ್ಕೇ ಎದ್ದು ನಿಂತೆ.

"ನನಗೆ ನೀವೆಲ್ಲ ಮಾಡಿದ್ದು ಇದನ್ನೇ," ಅಂದೆ. "ದೊಡ್ಡವರಿಗೆ ಮಾಡಿದ್ರೂ ಇದು ಅದೇ. ನಾನು ಇದಕ್ಕೆ ಸೇರಲ್ಲ. ಮಾಡೋದಾದ್ರೆ, ಯಾರು ಕರೆದು ಕೇಳಿದ್ರೂ ಇಲ್ಲಿ ನಡೆದದ್ದನ್ನ ಹೇಳ್ತೀನಿ."

ಹಿಂದಿನ ಸಾಲಿನಿಂದ ಯಾರೋ, ಇವರಿಂದಲೇ ಇದೆಲ್ಲ ಶುರುವಾದದ್ದು ಎಂದರು. ನಿಮ್ಮ ಅಂಗಡಿ ಮುಚ್ಚುವಾಗ ಕಾನೂನು ಬಂದು ಬಾಡಿಗೆ ಕಟ್ಟುತ್ತದೆಯೇ ಎಂದು ಇನ್ನೊಬ್ಬರು ಕೇಳಿದರು. ಕೂಡಿ ಮಾಡಬಹುದಾದ ಬೇರೆ ಕೆಲಸಗಳಿವೆ ಎಂದು ನಾನು ಹೇಳುತ್ತಾ ಹೋದೆ. ಚೀಟಿಯಿಲ್ಲದೆ ಔಷಧಿ ಮನೆಗೆ ಬಂದ ಪ್ರಸಂಗಗಳನ್ನು ಸೇರಿಸಿ ಇಲಾಖೆಗೆ ದೂರು ಕೊಡೋಣ. ನಡೆಯಲಾಗದವರ ಮನೆಗೆ ನಾವೇ ತಲುಪಿಸೋಣ. ಮಾತು ಗಲಾಟೆಯಲ್ಲಿ ಅರ್ಧಂಬರ್ಧ ಕೇಳಿಸಿರಬೇಕು. ಆಗ ಮುಂದಿನ ಸಾಲಿನಲ್ಲಿದ್ದ ಮಾಜಿ ಅಧ್ಯಕ್ಷರು ಕುರ್ಚಿಯ ಕೈ ಹಿಡಿದು ಎದ್ದರು. ಒಂದು ಸಲ ದಂಡ ಕಟ್ಟಿದವನು ನಾನು, ಇನ್ನೊಂದು ಸಲ ಕಟ್ಟುವ ಶಕ್ತಿ ನನಗಿಲ್ಲ. ನಿಮಗೆ ಇದ್ದರೆ ನೀವು ನೋಡಿಕೊಳ್ಳಿ ಎಂದರು. ನಾನು ಹೇಳಿದ್ದು ಸರಿ ಎಂದು ಅವರು ಹೇಳಲಿಲ್ಲ. ಆದರೆ ಗಲಾಟೆ ತಣ್ಣಗಾಯಿತು. ಆ ಸೂಚನೆಯನ್ನು ಮತಕ್ಕೆ ಹಾಕದೆ ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಹೊರಗೆ ಬರುವಾಗ ಹಲವರು ನನ್ನನ್ನು ಮಾತಾಡಿಸಲಿಲ್ಲ. ಇಲಾಖೆಗೆ ಕೊಡುವ ದೂರಿಗೆ ಸಹಿ ಹಾಕಲು ಬೆರಳೆಣಿಕೆಯಷ್ಟು ಜನ ಮಾತ್ರ ಬಂದರು. ಅದನ್ನು ಕೊಟ್ಟಿದ್ದೇವೆ, ವಿಚಾರಣೆ ಇನ್ನೂ ನಡೆಯುತ್ತಿದೆ. ನನ್ನ ಗಂಡ ಈಗ ನಿವೃತ್ತರು. ಸಂಜೆ ನಾಲ್ಕಕ್ಕೆ ಸ್ಕೂಟರಿನಲ್ಲಿ ಹೊರಟು ತ್ಯಾಗರಾಜನಗರದ ಮನೆ ಮನೆಗೆ ಔಷಧಿ ಕೊಟ್ಟು ಬರುತ್ತಾರೆ; ಬಾಗಿಲಲ್ಲೇ ನಿಂತು ಅವರ ಶುಗರ್ ಎಷ್ಟು, ಇವರ ಮಂಡಿ ಹೇಗಿದೆ ಎಂದು ವಿಚಾರಿಸಿಕೊಂಡು ಬರುವುದರಿಂದ ತಡವಾಗುತ್ತದೆ. ಗಾಜಿನ ಬಾಗಿಲಿನ ಅಂಗಡಿ ನಮಗಿಂತ ಒಂದು ಗಂಟೆ ಮುಂಚೆ ತೆರೆಯುತ್ತಿತ್ತು. ಹೋದ ವಾರದಿಂದ ನಾನೂ ಏಳು ಗಂಟೆಗೇ ಶಟರ್ ಎತ್ತುತ್ತಿದ್ದೇನೆ.